ಮನೆ ನೋಡೋಕೆ ಬರ್ತಾರೆ

"ಯಾರು ಹೇಳಿದ್ರು ಇವರಿಗೆ, ಈ ಕೆಲಸ ಮಾಡಿ ಅಂತ?"

ಗೇಟಿನ ಚಿಲಕ ಹಿಡಿದುಕೊಂಡೇ ಅವಳು ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎದುರುಮನೆಯ ಬೆಕ್ಕೊಂದು ಕಾಂಪೌಂಡಿನ ಮೇಲೆ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಅದೂ ತಲೆಯೆತ್ತಿ ನೋಡುವ ಸೌಜನ್ಯ ತೋರಲಿಲ್ಲ.

ಬೆಳಗ್ಗೆ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಡುವಾಗ ಅವಳು ಬಿಟ್ಟುಹೋದ ಮನೆ ಇದಾಗಿರಲಿಲ್ಲ. ಆ ಮನೆಯ ಬಣ್ಣ ಮಾಸಿತ್ತು, ಕಿಟಕಿಯ ಕೆಳಗೆ ನೀರಿಳಿದ ಕಲೆಯಿತ್ತು, ಬಾಗಿಲ ಪಕ್ಕದ ಗಾರೆ ಒಣಸಿಪ್ಪೆಯಂತೆ ಎದ್ದು ನಿಂತಿತ್ತು. ನೋಡಿದರೆ ಎಂಥ ಕಲ್ಲೆದೆಯವನಿಗೂ ಅಯ್ಯೋ ಅನಿಸಬೇಕು, ಅಂಥ ಮನೆ. ಈಗ ಎದುರಿಗಿದ್ದದ್ದೋ, ಮಿಂದು ಹೊಸಬಟ್ಟೆ ತೊಟ್ಟು ತಲೆ ಬಾಚಿಕೊಂಡು ನಿಂತ ಮನೆ. ಮುಂಗೋಡೆ ಮಾಗಿದ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಿಟಕಿಯ ಚೌಕಟ್ಟು ಹಾಲಿನಂತೆ ಬೆಳ್ಳಗಿತ್ತು. ಗೇಟಿಗೂ ಕಪ್ಪು ಬಳಿದಾಗಿತ್ತು. ಅದಿನ್ನೂ ಒಣಗಿಲ್ಲ ಅನ್ನುವುದು ಅಂಗೈ ನೋಡಿಕೊಂಡಾಗ ತಿಳಿಯಿತು.

ಅವಳ ಗಂಡ ಜಗಲಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಮುರಿದು ಕೂಡಿದ ಎಡಗಾಲನ್ನು ಇನ್ನೊಂದು ಸ್ಟೂಲಿನ ಮೇಲೆ ನೀಡಿ, ಬ್ರಷ್ಷನ್ನು ಕೋಲಿನ ತುದಿಗೆ ಕಟ್ಟಿ, ಬಾಗಿಲ ಮೇಲಿನ ಮೂಲೆಗೆ ಕೊನೆಯ ಗೆರೆ ಎಳೆಯುತ್ತಿದ್ದ. ಬೀದಿಯವರೆಲ್ಲ ಅವನನ್ನು ಬಣ್ಣದಣ್ಣ ಅನ್ನುತ್ತಿದ್ದರು. ಬಣ್ಣ ಹೊಡೆಯಲು ಕಟ್ಟಿದ್ದ ಸಾರುವೆಯಿಂದ ಜಾರಿ ಬಿದ್ದ ದಿನದಿಂದ ಆ ಮುಖಕ್ಕೆ ಬಾರದಿದ್ದ ಕಳೆ ಇವತ್ತು ಬಂದು ಕೂತಿತ್ತು.

"ಹೇಗಿದೆ?" ಅಂದ.

"ನಾಳೆ ಬ್ಯಾಂಕಿನವರು ಬರ್ತಾರೆ ರೀ."

"ಅದಕ್ಕೇ ಮತ್ತೆ! ಮನೆ ನೋಡೋಕೆ ಬರ್ತಾರೆ ಅಂತ ನೀನೇ ಅಂದ್ಯಲ್ಲ?"

ತಪ್ಪು ಅಲ್ಲೇ ಆಗಿತ್ತು. ಜೀವಮಾನವಿಡೀ ಅವನಿಗೆ ಕೆಲಸ ತಂದುಕೊಟ್ಟ ಮಾತು ಅದೊಂದೇ. ಫೋನು ಬರುವುದು, ಆ ಕಡೆಯವರು "ಅಣ್ಣಾ, ಮನೆ ನೋಡೋಕೆ ಬರ್ತಾರೆ" ಅನ್ನುವುದು, ಇವನು ಡಬ್ಬಿ ಬ್ರಷ್ಷು ಎತ್ತಿಕೊಂಡು ಹೊರಡುವುದು. ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂದು ಅವನು ಒಂದು ದಿನವೂ ಕೇಳಿದವನಲ್ಲ. ನೋಡುವವರು ಬರುತ್ತಾರೆ ಅಂದರೆ ಬಣ್ಣ ಹೊಡೆಯಬೇಕು, ಮುಗಿಯಿತು. ಅವಳು ಬೇರೆ ಮಾತು ಬಳಸಬೇಕಿತ್ತು. ನಮ್ಮ ಕಷ್ಟ ನೋಡೋಕೆ ಬರ್ತಾರೆ ಅನ್ನಬೇಕಿತ್ತು.

ಬರುತ್ತಿದ್ದದ್ದು ಅದಕ್ಕೇ. ಕಾಲು ಮುರಿದು ಅವನ ದುಡಿಮೆ ನಿಂತ ಮೇಲೆ ಮನೆಸಾಲದ ಕಂತೂ ನಿಂತಿತ್ತು. ಮೊದಲು ಬ್ಯಾಂಕಿನಿಂದ ಫೋನು ಬಂತು, ಆಮೇಲೆ ಕಾಗದ ಬಂತು, ಕೊನೆಗೆ ಹರಾಜು ಎಂಬ ಪದವೇ ಅಂಚೆಯಲ್ಲಿ ಮನೆಬಾಗಿಲಿಗೆ ಬಂತು. ಅವಳು ಅಂಗಡಿಯ ಊಟದ ಹೊತ್ತಿನಲ್ಲಿ ಓಡಿಹೋಗಿ, ಸಾಲಿನಲ್ಲಿ ನಿಂತು, ಅವರಿವರ ಕೈಕಾಲು ಹಿಡಿದು ಒಂದು ಅರ್ಜಿ ಕೊಟ್ಟಿದ್ದಳು. ಕಂತು ಕಡಿಮೆ ಮಾಡಿ, ವರ್ಷ ಜಾಸ್ತಿ ಮಾಡಿ, ನಾವು ಕಟ್ಟುತ್ತೇವೆ ಅಂತ. ಆಗಲಿ, ನಮ್ಮವರು ಬಂದು ನಿಮ್ಮ ಪರಿಸ್ಥಿತಿ ನೋಡಲಿ ಅಂದಿದ್ದರು. ಆ ಪರಿಸ್ಥಿತಿಗೆ ಈಗ ಎರಡು ಕೋಟ್ ಬಿದ್ದಿತ್ತು.

"ದುಡ್ಡೆಲ್ಲಿಂದ ಬಂತು?"

"ಯಾವ ದುಡ್ಡು? ಹಿತ್ತಲಲ್ಲಿ ಇಷ್ಟು ವರ್ಷದ ಉಳಿಕೆ ಡಬ್ಬಿ ಬಿದ್ದಿಲ್ವಾ? ಎಲ್ಲಾ ತಳ ಕೆರೆದು ಒಟ್ಟಿಗೆ ಕಲಸಿದೆ. ನಮ್ಮ ಹಳೇ ಹುಡುಗರು ಬಂದು ಮೇಲ್ಗಡೆ ಹೊಡೆದುಕೊಟ್ರು, ಬಿಟ್ಟಿ. ಈ ಬಣ್ಣ ಯಾವ ಅಂಗಡೀಲೂ ಸಿಗಲ್ಲ ಕಣೇ. ಇನ್ನೊಂದು ಸಲ ಮಾಡು ಅಂದ್ರೆ ನನಗೂ ಬರಲ್ಲ."

ಒಳಗಿನಿಂದ ಅತ್ತೆ ಕೂಗಿದರು. ಅವರು ದಿನವಿಡೀ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಹಳೆಯ ಪದಗಳನ್ನು ತಮ್ಮಷ್ಟಕ್ಕೆ ಹಾಡಿಕೊಳ್ಳುವವರು. ಪದ ನಿಂತಿತೆಂದರೆ ಮಾತು ಬರುತ್ತಿದೆ ಅಂತ ಅರ್ಥ.

"ಗೋಡೆ ನೋಡಿದ್ಯೇನೇ? ನನ್ನ ಕಣ್ಣು ತುಂಬಿ ಬಂತು."

"ನನಗೂ ಅಷ್ಟೇ ಅತ್ತೆ" ಅಂದಳು ಸೊಸೆ.

ಮರುದಿನ ಬ್ಯಾಂಕಿನವನು ಬಂದ. ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಗೇಟಿನಾಚೆ ನಿಂತು ಮನೆಯನ್ನೊಮ್ಮೆ, ಕೈಲಿದ್ದ ಕಾಗದವನ್ನೊಮ್ಮೆ ನೋಡಿ, ಇದೇ ಮನೆಯಾ ಅಂತ ಕೇಳಿದ. ಇದೇ ಅಂದರು. ಮನೆ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಅಂದ. ಅಷ್ಟು ಸಾಕಾಯಿತು ಬಣ್ಣದಣ್ಣನಿಗೆ. ಊರುಗೋಲನ್ನು ಗೋಡೆಗೊರಗಿಸಿ ಎದ್ದೇ ನಿಂತ.

"ಕೈಯಾಡಿಸಿ ನೋಡಿ ಸರ್, ಎಲ್ಲಾದ್ರೂ ಒಂದು ಗೀರು ಸಿಕ್ಕಿದ್ರೆ ಹೇಳಿ. ಕೆಳಗಡೆ ಪ್ರೈಮರ್ ಬೇರೆ ಕೊಟ್ಟಿದೀನಿ."

"ಒಳ್ಳೇ ಕಂಪನಿ ಬಣ್ಣ ಇರ್ಬೇಕು."

"ಏನಂದುಕೊಂಡ್ರಿ ಮತ್ತೆ!"

ಅವಳು ಹಿಂದಿನಿಂದ ಕಣ್ಸನ್ನೆ ಮಾಡಿದಳು, ಕೆಮ್ಮಿದಳು, ಚೊಂಬು ನೆಲಕ್ಕೆ ಬೀಳಿಸಿದಳು. ಕಡೆಗೆ ಬಾಯಿಬಿಟ್ಟೇ ಹೇಳಿದಳು: "ಉಳಿಕೆ ಬಣ್ಣ ಸರ್, ಖರ್ಚೇನೂ ಆಗಿಲ್ಲ." ಗಂಡ ಅವಳ ಕಡೆ ತಿರುಗಿ, ಪರರ ಮುಂದೆ ಮಾನ ತೆಗೆದೆಯಲ್ಲೇ ಎಂಬಂತೆ ನೋಡಿದ. ಉಳಿಕೆ ಬಣ್ಣ ಹೊಡೆದುಕೊಂಡ ಪೇಂಟರ್ ಅನ್ನಿಸಿಕೊಳ್ಳುವುದಕ್ಕಿಂತ ಮನೆಯೇ ಹೋಗಲಿ ಎನ್ನುವ ನೋಟ ಅದು.

"ಕಾಲು ಹೇಗಿದೆ ಈಗ?" ಅಂತ ಹೊರಡುವ ಮುಂಚೆ ಬ್ಯಾಂಕಿನವನು ಕೇಳಿದ.

"ಕಾಲಿಗೇನು ಸರ್, ಕಲ್ಲುಗುಂಡಿನ ಹಾಗಿದೆ. ಇನ್ನೇನು, ಓಡಾಡಿಬಿಡ್ತೀನಿ."

ಅರ್ಜಿ ತಿರಸ್ಕಾರವಾದದ್ದಕ್ಕೆ ಬ್ಯಾಂಕು ಕೊಟ್ಟ ಕಾರಣದಲ್ಲಿ ಎಲ್ಲವೂ ಇತ್ತು. ಮನೆ ಇತ್ತೀಚೆಗೆ ನವೀಕರಣಗೊಂಡಿದೆ, ಸಾಲಗಾರರ ಆರೋಗ್ಯ ತೃಪ್ತಿಕರ, ಸಂಕಷ್ಟ ಕಂಡುಬರಲಿಲ್ಲ. ಅವಳ ಪಿತ್ತ ನೆತ್ತಿಗೇರಿತು. ಕಾಗದ ಹಿಡಿದು ನೇರ ಬ್ಯಾಂಕಿಗೆ ನುಗ್ಗಿದಳು. ಸಾಲದ ವಿಭಾಗದ ಅಧಿಕಾರಿ ಸಜ್ಜನ. ಮೇಡಮ್ ಕೂತ್ಕೊಳ್ಳಿ ಅಂದ, ನೀರು ತರಿಸಿದ, ಕೇಳಿಸಿಕೊಂಡ.

"ಬಣ್ಣಕ್ಕೆ ಖರ್ಚಾಗಿಲ್ಲ ಅಂತೀರಾ?"

"ಒಂದು ಬಿಡಿಗಾಸೂ ಆಗಿಲ್ಲ."

"ಹಾಗಾದ್ರೆ ಬಿಲ್ ತನ್ನಿ."

"ಖರ್ಚೇ ಆಗಿಲ್ಲ ಅಂದ್ಮೇಲೆ ಬಿಲ್ ಎಲ್ಲಿಂದ ಬರತ್ತೆ?"

"ಅದೇ ಮೇಡಮ್. ಖರ್ಚಾಗಿಲ್ಲ ಅನ್ನೋದಕ್ಕೆ ದಾಖಲೆ ಬೇಕಲ್ಲ. ಇಲ್ದಿದ್ರೆ ಮೇಲಿನವರಿಗೆ ನಾನು ಏನು ಹೇಳಲಿ? ನನಗೆ ನಿಮ್ಮ ಮೇಲೆ ನಂಬಿಕೆ ಇದೆ. ಆದ್ರೆ ನನ್ನ ನಂಬಿಕೆಗೆ ಇಲ್ಲಿ ಸೀಲು ಇಲ್ಲ."

ಅವಳು ಆ ನೀರನ್ನು ಕುಡಿಯದೆ ಎದ್ದು ಬಂದಳು.

ಕನ್ನಡಕದ ಅಂಗಡಿಗೆ ಓದುವ ಕನ್ನಡಕ ಮಾಡಿಸಿಕೊಳ್ಳಲು ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು ಇದ್ದರು. ಹಿಂದೊಮ್ಮೆ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, ಈಗ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಸಾಲದಲ್ಲಿ ಸಿಕ್ಕವರಿಗೆ ಪುಕ್ಕಟೆ ದಾರಿ ಹೇಳುತ್ತಿದ್ದರು. ಜನ ಅವರನ್ನು ಸಾಲದ ಟೀಚರಮ್ಮ ಅನ್ನುತ್ತಿದ್ದರು. ಪಾಠ ಒಪ್ಪಿಸದವರನ್ನು ಬೈದೂ ಬಿಡುತ್ತಿದ್ದರು. ಅವಳು ಕಥೆಯೆಲ್ಲ ಹೇಳಿದಾಗ ಟೀಚರಮ್ಮ ಮೊದಲು ನಕ್ಕರು. ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಇನ್ನೊಮ್ಮೆ ನಕ್ಕರು.

"ನಿಮಗೆ ನಗು ಬರತ್ತೆ ಮೇಡಮ್."

"ಬರ್ದೇ ಏನಮ್ಮ? ಜನ ನೆಟ್ಟಗಿರೋ ಗೋಡೆ ಕೆಡವಿ ಕಷ್ಟ ಅಂತ ತೋರಿಸಿದ್ದು ನೋಡಿದೀನಿ. ಕಷ್ಟಕ್ಕೆ ಬಣ್ಣ ಹೊಡೆದ ಪುಣ್ಯಾತ್ಮನ್ನ ನೋಡಿರ್ಲಿಲ್ಲ. ಇರ್ಲಿ. ಮನೆ ಉಳಿಸ್ಕೊಳ್ಳೋ ದಾರಿ ಬೇರೆ, ಮನೆ ಬಿಟ್ಟು ನಿಮ್ಮನ್ನ ನೀವು ಉಳಿಸ್ಕೊಳ್ಳೋ ದಾರಿ ಬೇರೆ. ಯಾವುದು ಹೇಳಲಿ?"

"ಎರಡೂ ಹೇಳಿ."

"ಬಿಡೋದಾದ್ರೆ ನೀವೇ ಮಾರಿ. ಹರಾಜಿನ ಸುತ್ತಿಗೆ ಬೀಳೋ ಮುಂಚೆ ನೀವೇ ಗಿರಾಕಿ ಹುಡುಕಿ ಮಾರಿದ್ರೆ, ಸಾಲ ತೀರಿ ಕೈಗೆ ಒಂದಿಷ್ಟು ಉಳಿಯತ್ತೆ. ಹರಾಜಲ್ಲಿ ಹೋದ್ರೆ ಬಂದಷ್ಟಕ್ಕೆ ಹೋಗತ್ತೆ. ಬೀಗದಕೈ ಬ್ಯಾಂಕಿನವರ ಕೈಗೇ ಕೊಟ್ಟು ಬರೋದು ಇನ್ನೊಂದು. ಅದು ಬೇರೇನೂ ಇಲ್ದೋರಿಗೆ. ಹೆಚ್ಚು ಬಡ್ಡಿಗೆ ಬೇರೆ ಕಡೆ ಸಾಲ ತಗೊಂಡು ಈ ಸಾಲ ತೀರಿಸ್ತೀನಿ ಅಂದ್ರೆ ಮಾತ್ರ ನನ್ನ ಹತ್ರ ಬರ್ಬೇಡಿ."

"ಉಳಿಸ್ಕೊಳ್ಳೋದು?"

"ನೀವು ಕೊಟ್ಟ ಅರ್ಜೀನೇ. ಆದಾಯ ತೋರಿಸಿ ಮತ್ತೆ ಕೊಡಿ."

ಅವಳಿಗೆ ರೇಗಿಹೋಯಿತು. "ಆಗ ಕಷ್ಟ ತೋರಿಸಿ ಅಂದ್ರು, ಈಗ ಆದಾಯ ತೋರಿಸ್ಬೇಕಾ? ಏನು ತಮಾಷೆ ಮಾಡ್ತಿದೀರಾ ಎಲ್ರೂ ಸೇರಿ?"

"ಎರಡೂ ಬೇಕಮ್ಮ. ಬ್ಯಾಂಕಿಗೆ ಸಾಯೋ ರೋಗಿ ಬೇಡ, ಗಟ್ಟಿಮುಟ್ಟಾದ ರೋಗಿ ಬೇಕು. ನಿಮ್ಮ ಮನೆ ಮುಂದಿನ ಎರಡು ಕೋಣೆ ರಸ್ತೆ ಕಡೆಗಿವೆ ಅಂದ್ರಲ್ಲ? ಬಾಡಿಗೆಗೆ ಕೊಡಿ. ಬಾಡಿಗೆಯವರನ್ನ ಜೊತೆಗೇ ಕರ್ಕೊಂಡು ಹೋಗಿ. ಬಾಡಿಗೆ ನೇರ ಕಂತಿಗೇ ಹೋಗಲಿ ಅಂತ ಬರ್ಕೊಡಿ. ಅದಕ್ಕೆ ಸೀಲು ಹಾಕೋಕೆ ಆ ಸಜ್ಜನನಿಗೂ ಕಷ್ಟ ಇಲ್ಲ." ಆಮೇಲೆ ಟೀಚರಮ್ಮ ದನಿ ತಗ್ಗಿಸಿದರು. "ಇನ್ನೊಂದು. ಈ ಹೊತ್ತಲ್ಲಿ ಯಾರಾದ್ರೂ ಬಂದೇ ಬರ್ತಾರೆ. ನಿಮ್ಮ ಬಾಕಿ ನಾನು ಕಟ್ತೀನಿ, ಮನೆ ನನ್ನ ಹೆಸರಿಗೆ ಮಾಡಿ, ನೀವು ಇದ್ದ ಹಾಗೇ ಇರಿ ಅಂತ. ಬರೋರು ಹೊರಗಿನವರೇ ಆಗಿರ್ಬೇಕು ಅಂತ ಇಲ್ಲ. ಅವರ ಹತ್ರ ಒಂದೇ ಮಾತು ಕೇಳಿ: ನಾಳೆ ಈ ಮನೇನ ನೀನು ಇನ್ನೊಂದು ಕಡೆ ಅಡ ಇಟ್ರೆ ನಾವು ಬೇಡ ಅನ್ನಬಹುದಾ, ಅಂತ."

ಬಾಡಿಗೆಗೆ ಬಂದದ್ದು ಒಬ್ಬ ಹಲ್ಲಿನ ಡಾಕ್ಟರು. ಎತ್ತರದ ಹುಡುಗಿ, ಮಾತು ಕಡಿಮೆ. ಕೋಣೆಗಳ ಗೋಡೆಯನ್ನು ಬೆರಳ ಗೆಣ್ಣಿನಿಂದ ಹಲ್ಲು ಪರೀಕ್ಷಿಸುವ ಹಾಗೆ ಕುಟ್ಟುತ್ತ ನಡೆದಳು. ಟೊಳ್ಳು ಇಲ್ಲ ಅಂದಳು. ನೀರಿನ ಪೈಪು ಎಲ್ಲಿ ಹಾಯುತ್ತದೆ, ಕುರ್ಚಿ ಯಾವ ಕಡೆಗೆ ಹಾಕಬಹುದು, ಕಾಯುವವರು ಎಲ್ಲಿ ಕೂರಬಹುದು ಎಲ್ಲ ನೋಡಿ ಒಪ್ಪಿದಳು. ನಾಳೆಯೇ ಬ್ಯಾಂಕಿಗೆ ಬರುತ್ತೇನೆ ಅಂದಳು. ಒಂದೇ ಕೇಳಿಕೆ: ಗೋಡೆ ಪೂರ್ತಿ ಬಿಳಿ ಆಗಬೇಕು.

"ಬಿಳಿ" ಅಂದ ಬಣ್ಣದಣ್ಣ.

"ಹೌದು. ಅಚ್ಚ ಬಿಳಿ."

"ಬಿಳಿ ಒಂದು ಬಣ್ಣಾನಾ ಡಾಕ್ಟ್ರೇ? ಅದು ಬಣ್ಣ ಹೊಡೆಯೋ ಮುಂಚಿನ ಗೋಡೆ."

ಈ ಬಾಡಿಗೆಯೂ ಹೋಯಿತು ಅಂದುಕೊಂಡಳು ಹೆಂಡತಿ. ಆದರೆ ಡಾಕ್ಟರು ನಕ್ಕಳು, ಅವನೂ ನಕ್ಕ. ಆಗಲಿ, ನಿಮಗೆ ಬೇಕಾದ ಹಾಗೇ ಮಾಡಿಕೊಡೋಣ ಅಂದ. ಅವನು ಯಾರಿಗೂ ಇಲ್ಲ ಅಂದವನಲ್ಲ. ಬಂಧುಬಳಗದ ಮನೆಗಳಿಗೆಲ್ಲ ಬಿಟ್ಟಿ ಬಣ್ಣ ಹೊಡೆದುಕೊಟ್ಟವನು, ಪಕ್ಕದ ಬೀದಿಯ ಗುಡಿಯ ಕಂಬಗಳಿಗೆ ಕೇಳದೇ ಬಳಿದು ಬಂದವನು. ಅವಳು ಮದುವೆಯಾದದ್ದೇ ಆ ಗುಣ ಮೆಚ್ಚಿ. ಅದೇ ಗುಣ ಈಗ ಅವಳನ್ನು ಹುರಿದು ಮುಕ್ಕುತ್ತಿತ್ತು.

ಅವತ್ತು ಸಂಜೆಯೇ ಮೈದುನ ಬಂದ. ಸಿಮೆಂಟಿನ ವ್ಯಾಪಾರ ಅವನದು. ಕಾರಿನಿಂದ ಇಳಿಯುವಾಗಲೇ ಮಾತು ಶುರುವಾಗಿರುತ್ತದೆ, ಒಳಗೆ ಬರುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ. ವಿಷಯ ಅವನಿಗೆ ಅತ್ತೆಯ ಫೋನಿನಿಂದ ಹೋಗಿತ್ತು.

"ಏನಣ್ಣಾ, ಮನೆ ಜಗಜಗ ಅಂತಿದೆ! ಹರಾಜಿಗೆ ಸಿಂಗಾರಾನಾ?" ಎಂದು ತಾನೇ ದೊಡ್ಡದಾಗಿ ನಕ್ಕು, ಯಾರೂ ನಗದಿದ್ದಾಗ ಕೆಮ್ಮಿ, ಅಮ್ಮನ ಕಾಲಿನ ಬಳಿ ನೆಲದ ಮೇಲೆ ಕೂತ. "ನಾನೊಬ್ಬ ಸತ್ತುಹೋಗಿದ್ನಾ? ಬ್ಯಾಂಕಿನವರ ಮುಂದೆ ಯಾಕೆ ಕೈಚಾಚ್ತೀರಿ ಅತ್ತಿಗೆ? ನಾಳೆನೇ ಬಾಕಿ ಪೂರ್ತಿ ಕಟ್ಟಿ ಬಿಸಾಕ್ತೀನಿ. ಆಮೇಲೆ ಒಬ್ಬ ನನ್ಮಗ ಈ ಬಾಗಿಲು ತಟ್ಟಲಿ ನೋಡೋಣ."

ಅವಳ ಕಣ್ಣಲ್ಲಿ ನೀರು ಬಂತು. ಸುಳ್ಳೇಕೆ, ಆ ಕ್ಷಣ ಅವನ ಕೈ ಹಿಡಿದುಕೊಳ್ಳಬೇಕು ಅನಿಸಿತು. ಇವಳು ಈ ಮನೆಗೆ ಬಂದಾಗ ಅವನು ಶಾಲೆಯ ಚೀಲ ಹೊತ್ತ ಹುಡುಗ. ಜ್ವರ ಬಂದರೆ ಅತ್ತಿಗೆ ಪಕ್ಕದಲ್ಲೇ ಇರಬೇಕು ಅನ್ನುತ್ತಿದ್ದವನು.

ಅವನು ಚೀಲದಿಂದ ಟೈಪು ಮಾಡಿಸಿದ ಕಾಗದ ತೆಗೆದು ಮೇಜಿನ ಮೇಲೆ ಹರಡಿದ. ಬಣ್ಣದಣ್ಣ ಓದಲಿಲ್ಲ. ತಮ್ಮ ಪೆನ್ನು ಕೊಟ್ಟ, ಅಣ್ಣ ತೆಗೆದುಕೊಂಡ. ತಮ್ಮ ಬೆರಳಿಟ್ಟು ಜಾಗ ತೋರಿಸಿದ, ಅಣ್ಣ ಸೈನ್ ಹಾಕಿದ. ಕಾಫಿಗಿಡಲು ಒಳಗೆ ಹೋಗಿದ್ದ ಅವಳು ಕೈಯೊರೆಸಿಕೊಂಡು ಬರುವಷ್ಟರಲ್ಲಿ ಆಗಿಹೋಗಿತ್ತು.

"ಏನದು?"

"ಏನಿಲ್ಲ ಅತ್ತಿಗೆ, ಮನೆ ನನ್ನ ಹೆಸರಿಗೆ ಬರತ್ತೆ. ಹೆಸರಿಗೆ ಅಷ್ಟೇ. ನೀವು ಇದ್ದ ಹಾಗೇ ಇರಿ. ಸಾಯೋತನಕ ಇರಿ. ಮನೆ ನಿಮ್ಮಿಬ್ಬರ ಹೆಸರಲ್ಲೂ ಇದೆಯಲ್ಲ, ನಿಮ್ಮದೂ ಒಂದು ಸೈನ್ ಬೇಕು."

ಅವಳು ಕೂತು ಕಾಗದವನ್ನು ಮೊದಲಿನಿಂದ ಕೊನೆಯವರೆಗೂ ಓದಿದಳು. ಮೈದುನ ಕಾಲು ಕುಣಿಸುತ್ತಿದ್ದ. ಅತ್ತೆಯ ಪದ ನಿಂತಿತ್ತು.

"ನಾವು ಇಲ್ಲೇ ಇರಬಹುದು ಅಂತ ಎಲ್ಲೂ ಬರೆದಿಲ್ಲ."

"ಅಯ್ಯೋ ಅತ್ತಿಗೆ! ಅಣ್ಣತಮ್ಮಂದಿರ ಮಧ್ಯೆ ಅದನ್ನೂ ಬರೀಬೇಕಾ? ನಾಳೆ ಊಟಕ್ಕೆ ಕರೆದ್ರೂ ಸ್ಟಾಂಪ್ ಪೇಪರ್ ಕೇಳ್ತೀರಾ ಹಾಗಾದ್ರೆ."

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾಳೆ ಈ ಮನೇನ ನೀನು ಇನ್ನೊಂದು ಕಡೆ ಅಡ ಇಟ್ರೆ, ನಾವು ಬೇಡ ಅನ್ನಬಹುದಾ?"

ಅವನು ಸುಳ್ಳು ಹೇಳುವವನಲ್ಲ. ಅದೇ ಅವನ ಒಳ್ಳೆಯತನ, ಅದೇ ಅವನ ಎಡವಟ್ಟು. "ವ್ಯಾಪಾರ ಅಂದ್ಮೇಲೆ ಅಡ ಇಡೋದು ಬಿಡಿಸೋದು ಇದ್ದದ್ದೇ ಅತ್ತಿಗೆ" ಅಂದ. "ನಾನೇನು ನೋಟು ಅಚ್ಚು ಹಾಕ್ತೀನಾ? ನಿಮ್ಮ ಬಾಕಿ ಕಟ್ಟೋಕೆ ನನಗೂ ದುಡ್ಡು ಎಲ್ಲಿಂದಾದ್ರೂ ಬರ್ಬೇಕಲ್ಲ. ಇದೇ ಮನೆ ಮೇಲೆ ಅಂಗಡಿಗೂ ಒಂದಿಷ್ಟು ಎತ್ತಬೇಕು ಅಂತಿದೀನಿ. ವ್ಯಾಪಾರ ಈಗ ಸ್ವಲ್ಪ ಡಲ್ಲು. ಎರಡು ತಿಂಗಳು, ಮೂರು ತಿಂಗಳು. ಸರಿ ಹೋಗತ್ತೆ."

"ಸರಿ ಹೋಗ್ದಿದ್ರೆ?"

"ಹೋಗ್ದೆ ಎಲ್ಲಿಗೆ ಹೋಗತ್ತೆ?"

ಅವಳು ಗಂಡನ ಕಡೆ ನೋಡಿದಳು. ಅವನು ಬಾಗಿಲ ಚೌಕಟ್ಟಿನ ಮೇಲೆ ಎಲ್ಲೋ ಒಂದು ಹನಿ ಬಣ್ಣ ಇಳಿದದ್ದನ್ನು ಉಗುರಿನಿಂದ ಕೆರೆಯುತ್ತಿದ್ದ.

"ರೀ, ಕೇಳಿಸ್ತಾ? ಇವನಿಗೂ ಸಾಲ ಇದೆ. ನಮ್ಮ ಸಾಲ ತೀರಿಸೋಕೆ ನಮ್ಮ ಮನೆ ಮೇಲೇ ಅದಕ್ಕಿಂತ ದೊಡ್ಡ ಸಾಲ ತಗೋತಾನೆ. ಆಗ ಬ್ಯಾಂಕಿನವರು ಬಂದ್ರೆ ಅರ್ಜಿ ಕೊಡೋಕೂ ನಮಗೆ ಹಕ್ಕಿರಲ್ಲ. ನಾಳೆ ಡಾಕ್ಟ್ರು ಬರ್ತಾರೆ, ಬಾಡಿಗೆ ಬರತ್ತೆ, ಕಂತು ಸಣ್ಣದಾಗತ್ತೆ. ಅದೂ ಆಗ್ಲಿಲ್ಲ ಅಂದ್ರೆ ನಾವೇ ಮಾರೋಣ, ನಮ್ಮ ಕೈಯಾರೆ. ಇದು ಬೇಡ."

"ಹಲ್ಲು ಕೀಳೋ ಹುಡುಗೀನ ನಂಬ್ತೀರಿ, ಒಡಹುಟ್ಟಿದ ತಮ್ಮನ್ನ ನಂಬಲ್ಲ" ಅಂದ ಮೈದುನ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ನಿಜವಾಗಿ ನೊಂದಿದ್ದ. ಅಮ್ಮನ ಕಡೆ ತಿರುಗಿದ.

ಅತ್ತೆ ಮಗನ ತಲೆಯ ಮೇಲೆ ಕೈಯಿಟ್ಟರು. "ಹಾಕಮ್ಮ" ಅಂದರು ಸೊಸೆಗೆ, ಮೆಲ್ಲಗೆ. "ನನ್ನ ಹೊಟ್ಟೇಲಿ ಹುಟ್ಟಿದೋನು. ನಿನಗೆ ಕೇಡು ಬಗೀತಾನಾ? ದೇವರಿದ್ದಾನೆ."

"ದೇವರಿದ್ದಾನೆ ಅತ್ತೆ. ಅವನ ಸೈನ್ ಇದರಲ್ಲಿ ಕೇಳಿಲ್ಲ. ನನ್ನದು ಕೇಳಿದಾರೆ."

ಹೊಸಬಣ್ಣದ ವಾಸನೆ ಸಣ್ಣಗೆ ಉಳಿದಿತ್ತು. ಬಣ್ಣದಣ್ಣ ಊರುಗೋಲು ಊರಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಮೇಜಿನ ಬಳಿಗೆ ಬಂದ. ಅವಳ ಪಕ್ಕದ ಕುರ್ಚಿಯಲ್ಲಿ ಕೂತು, ಇಷ್ಟು ವರ್ಷಗಳಲ್ಲಿ ಯಾವತ್ತೂ ಇಲ್ಲದ ಹಾಗೆ, ಎಲ್ಲರ ಎದುರಿಗೇ ಅವಳ ಕೈ ಹಿಡಿದುಕೊಂಡ. ಅವನ ಬೆರಳ ಸಂದಿನಲ್ಲಿ ಆ ಹಣ್ಣಿನ ಬಣ್ಣ ಇನ್ನೂ ಹೋಗಿರಲಿಲ್ಲ.

"ನೀನು ಹೇಳೋದು ತಲೆಗೆ ಹೋಯ್ತು ಕಣೇ, ನಾನೇನು ದಡ್ಡ ಅಲ್ಲ" ಅಂದ. "ಆದ್ರೆ ನಾನು ಹಾಕಿಯಾಯ್ತು. ತಮ್ಮ ಅಷ್ಟು ದೂರದಿಂದ ಬಂದಿದಾನೆ, ಅಮ್ಮ ಕೂತಿದಾರೆ. ಇವರ ಮುಂದೆ ನನ್ನ ಮಾತು ಬೀಳೋ ಹಾಗೆ ಮಾಡ್ಬೇಡ. ನಿನ್ನ ಹತ್ರ ನಾನು ಯಾವತ್ತಾದ್ರೂ ಏನಾದ್ರೂ ಕೇಳಿದೀನಾ? ಇದೊಂದು ಕೇಳ್ತಿದೀನಿ. ನನಗೋಸ್ಕರ ಹಾಕ್ಬಿಡು."

ಅವಳು ತನ್ನ ಕೈ ಬಿಡಿಸಿಕೊಂಡಳು. ಪೆನ್ನಿನ ಕ್ಯಾಪು ಹಾಕಿ, ಕಾಗದವನ್ನು ಮಡಿಸಿ, ಎರಡನ್ನೂ ಮೈದುನನ ಕಡೆಗೆ ಸರಿಸಿದಳು.

"ಹಾಕಲ್ಲ" ಅಂದಳು.